ಕಲಿಯುವವರ ಸಿ.ಡಿ.ಯಲ್ಲಿ ಒಂದು ಮದುವೆ

ಕರಾವಳಿಗೆ ಬಂದ ಮೇಲೆ ಸ್ಟುಡಿಯೋದಲ್ಲಿ ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೇ? ಆರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡ ಒಂದು ಹುಡುಗಿಯನ್ನು ಮದುಮಗಳನ್ನಾಗಿ ಮಾಡುವುದು. ಅವಳ ತಾಯಿ ಗಿರಿಜಕ್ಕ ಮಳೆಯಲ್ಲಿ ನೆನೆದುಕೊಂಡು ಬಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಪುಟ್ಟ ಫೋಟೋವನ್ನು ಮೇಜಿನ ಮೇಲಿಟ್ಟು, ಇವಳಿಗೆ ಮದುವೆ ನಿಗದಿಯಾಗಿದೆ, ಮದುವೆಯ ಫೋಟೋ ಬೇಕು ಎಂದರು. ನೋಡಿದರೆ ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ, ಶಾಲೆಯ ಅಂಗಿ. ನಾನು ಬಾಲ್ಯವಿವಾಹ ಎಂದುಕೊಂಡೆ. ನಮ್ಮ ಕಡೆಯ ಬಾಯಿ ನನ್ನದು, ಸುಮ್ಮನಿರುವಂಥದ್ದಲ್ಲ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸ್ಟುಡಿಯೋದ ಮಾಲೀಕ ಸಂಜೀವಣ್ಣ ನನ್ನ ಕಡೆ ಬಾಗಿ, ಹುಡುಗಿ ತೀರಿಕೊಂಡು ಹದಿನೆಂಟು ವರ್ಷವಾಯಿತು, ಗಂಡು ಕೂಡ ತೀರಿಕೊಂಡವನೇ, ಪಡುಬಿದ್ರಿಯ ಕಡೆಯವನು ಎಂದು ಮೆಲ್ಲಗೆ ಹೇಳಿದರು. ನಾನು ಆ ಫೋಟೋವನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ. ಗಿರಿಜಕ್ಕ ಮಾತ್ರ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಸೀರೆ ಕೆಂಪು ಬಣ್ಣದ್ದೇ ಇರಲಿ ಎಂದು ಹೇಳುತ್ತಿದ್ದರು.

ನಮ್ಮೂರ ಓದುಗರೇ, ನಗಬೇಡಿ. ನಾನು ಗುಳೇದಗುಡ್ಡದವಳು, ಕುಪ್ಪಸದ ಖಣ ನೇಯುವ ಮಗ್ಗದ ಸದ್ದಿನಲ್ಲಿ ಬೆಳೆದವಳು. ನಮ್ಮಲ್ಲಿ ಸತ್ತವರು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಇದ್ದಲ್ಲೇ ಇರುತ್ತಾರೆ. ಅವರಿಗೆ ವಯಸ್ಸಾಗುವುದಿಲ್ಲ, ಮದುವೆಯ ಯೋಗ ಕೂಡಿ ಬರುವುದಿಲ್ಲ. ಇಲ್ಲಿ ಹಾಗಲ್ಲ ಎಂಬುದು ಆ ದಿನ ನನಗೆ ಗೊತ್ತಾಯಿತು.

ನಾನು ಇಲ್ಲಿಗೆ ಬಂದ ಬಗೆ ಹೇಳಿಬಿಡುತ್ತೇನೆ. ನನ್ನ ಅಣ್ಣ ಬಸವರಾಜ ಮಣಿಪಾಲದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಆಗ ಅಲ್ಲಿ ಎತ್ತ ನೋಡಿದರೂ ಹಾಸ್ಟೆಲ್ಲುಗಳು ಏಳುತ್ತಿದ್ದವು. ಅಣ್ಣ, ವೈನಿ ಉದ್ಯಾವರದಲ್ಲಿ ಒಂದು ಹಂಚಿನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ನಾನು ಬಿ.ಎ. ಮುಗಿಸಿ ಮಗ್ಗದ ಮುಂದೆ ಕೂತಿದ್ದನ್ನು ನೋಡಲಾರದೆ ಅಣ್ಣ ಕರೆದುಕೊಂಡು ಬಂದು, ಮಣಿಪಾಲದ ಒಂದು ಖಾಸಗಿ ಸಂಸ್ಥೆಯಲ್ಲಿ ಕಂಪ್ಯೂಟರಿನ ಮೇಲೆ ಫೋಟೋ ತಿದ್ದುವ ಒಂದು ವರ್ಷದ ಕೋರ್ಸಿಗೆ ಸೇರಿಸಿದ. ತಾನು ಮೂರನೆಯ ಮಾಳಿಗೆಯ ಮೇಲೆ ಕಬ್ಬಿಣ ಕಟ್ಟುವಾಗ ಕೆಳಗೆ ರಸ್ತೆಯಲ್ಲಿ ತಂಗಿ ಪುಸ್ತಕ ಹಿಡಿದು ಹೋಗುವುದು ಕಾಣುತ್ತದೆ ಎಂದು ಜೊತೆಗಾರರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಮೊದಲ ತಿಂಗಳುಗಳು ಹೇಗೆ ಕಳೆದವೋ ಶಿವನೇ ಬಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ವೈನಿ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಮನೆಯ ಒಡತಿ ಎದ್ದು ಬಂದು, ಒಳಗೆ ಬಟ್ಟೆ ಒಗೆಯಬಾರದು, ಹೊರಗೆ ಕಲ್ಲು ಉಂಟು ಎಂದು ಹೇಳಿ ಹೋದರು. ನಾವು ಬಿದ್ದು ಬಿದ್ದು ನಕ್ಕೆವು. ಮರುದಿನ ವೈನಿ ಅವರಿಗೆ ಬಿಸಿ ರೊಟ್ಟಿ ಕೊಟ್ಟಳು, ಅವರು ನಮಗೆ ಕುಚ್ಚಲಕ್ಕಿಯ ಗಂಜಿ ಕೊಟ್ಟರು. ಎರಡೂ ಕಡೆ ಯಾರೂ ಪೂರ್ತಿ ಉಣ್ಣಲಿಲ್ಲ ಎಂದು ನನ್ನ ಅನುಮಾನ.

ಭಾಷೆಯ ಸುದ್ದಿ ಇನ್ನೊಂದು. ಇಲ್ಲಿಯ ಜನ ತಮ್ಮತಮ್ಮಲ್ಲಿ ತುಳು ಮಾತಾಡುತ್ತಾರೆ, ಕೊಂಕಣಿ ಮಾತಾಡುತ್ತಾರೆ. ಕನ್ನಡವನ್ನು ಮಾತ್ರ ನೆಂಟರು ಬಂದಾಗ ತೆಗೆಯುವ ತಟ್ಟೆಯ ಹಾಗೆ ಒರೆಸಿ ಇಟ್ಟುಕೊಂಡಿದ್ದಾರೆ. ಬಸ್ಸಿನ ಕಂಡಕ್ಟರ್ 'ನೀವು ಎಲ್ಲಿ ಇಳಿಯುತ್ತೀರಿ?' ಎಂದು ಪಠ್ಯಪುಸ್ತಕದಂತೆ ಕೇಳಿದಾಗ ನನ್ನನ್ನು ಅಣಕಿಸುತ್ತಿದ್ದಾನೆ ಎಂದು ಕಣ್ಣು ಕೆಂಪು ಮಾಡಿದ್ದೆ. ಎಲ್ಲರೂ ಹಾಗೆಯೇ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಆದರೆ ಕಂಪ್ಯೂಟರಿನ ಮುಂದೆ ಕೂತ ಕ್ಷಣ ಇದೆಲ್ಲ ಮರೆತು ಹೋಗುತ್ತಿತ್ತು. ಹರಿದ ಫೋಟೋ ಕೂಡಿಕೊಳ್ಳುತ್ತಿತ್ತು, ಮಾಸಿದ ಮುಖಕ್ಕೆ ರಕ್ತ ಬರುತ್ತಿತ್ತು, ಮೋಡದ ದಿನ ತೆಗೆದ ಚಿತ್ರದಲ್ಲಿ ಬಿಸಿಲು ಏಳುತ್ತಿತ್ತು. ಒಂದು ಎಳೆ ತಪ್ಪಿದರೆ ಇಡೀ ಬುಟ್ಟಾ ಕೆಡುವ ಮಗ್ಗದಿಂದ ಹೋದ ನನಗೆ, ಮಾಡಿದ್ದನ್ನು ಮಾಡೇ ಇಲ್ಲ ಎನ್ನುವಂತೆ ಹಿಂದಕ್ಕೆ ಹೋಗಬಹುದು ಎಂಬುದೇ ದೇವರ ಆಟವಾಗಿ ಕಂಡಿತು. ಈ ವಿದ್ಯೆ ಬಿಟ್ಟು ನಾನು ಇನ್ನು ಬದುಕಲಾರೆ ಎಂದು ಮೊದಲ ತಿಂಗಳಲ್ಲೇ ನಿಶ್ಚಯವಾಗಿತ್ತು.

ಕೋರ್ಸಿನಲ್ಲಿದ್ದವರಿಗೆ ಆ ತಂತ್ರಾಂಶ ವಿದ್ಯಾರ್ಥಿ ದರದಲ್ಲಿ ಸಿಗುತ್ತಿತ್ತು. ಪೂರ್ತಿ ಬೆಲೆ ಕೇಳಿದರೆ ಎದೆ ಒಡೆಯಬೇಕು, ವಿದ್ಯಾರ್ಥಿಯ ಗುರುತಿನ ಚೀಟಿ ತೋರಿಸಿದರೆ ಅದರಲ್ಲಿ ಒಂದು ಚೂರು. ಹೆಚ್ಚಿನವರು ಮಂಗಳೂರಿನಿಂದ ನಕಲು ಸಿ.ಡಿ. ತಂದುಕೊಂಡರು. ಅಣ್ಣ ಕೇಳಲಿಲ್ಲ, ತಂಗಿಗೆ ಅಸಲಿಯೇ ಬೇಕು ಎಂದು ಕೊಡಿಸಿದ. ತೆರೆದಾಗಲೆಲ್ಲ ಪರದೆಯ ಮೇಲೆ ನನ್ನ ಹೆಸರು ಮೂಡುತ್ತಿತ್ತು, ಶಿವಲೀಲಾ ಎಂದು. ಕೆಳಗೆ, ಕಲಿಕೆಗೆ ಮಾತ್ರ, ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ಸಾಲು. ನಮ್ಮ ಮೇಷ್ಟ್ರು ಈ ಸಾಲನ್ನು ಮಂತ್ರದಂತೆ ಹೇಳಿಸುತ್ತಿದ್ದರು. ನಿಮಗೆ ಅಗ್ಗಕ್ಕೆ ಕೊಟ್ಟದ್ದು ನೀವು ಕಲಿಯಲಿ ಎಂದು, ಗಿರಾಕಿಯಿಂದ ಕಾಸು ತೆಗೆದುಕೊಳ್ಳುವ ದಿನ ಪೂರ್ತಿ ಬೆಲೆಯದ್ದು ಕೊಳ್ಳಬೇಕು ಎಂದು ಹೇಳಿ ನಮ್ಮೆಲ್ಲರಿಂದ ಹೂಂ ಅನ್ನಿಸಿಕೊಂಡಿದ್ದರು. ನಾನೂ ಹೂಂ ಅಂದಿದ್ದೆ. ನಾನು ಹೂಂ ಅಂದರೆ ಅಂದದ್ದೇ.

ಕೋರ್ಸು ಮುಗಿಯುವ ಹೊತ್ತಿಗೆ ಕಾಪುವಿನ ಸಂಜೀವಣ್ಣನ ಸ್ಟುಡಿಯೋದಲ್ಲಿ ಮಳೆಗಾಲದ ಮಟ್ಟಿಗೆ ಕೆಲಸ ಕಲಿಯಲು ಜಾಗ ಸಿಕ್ಕಿತು. ಹೆದ್ದಾರಿಯ ಪಕ್ಕದಲ್ಲೇ ಅಂಗಡಿ, ಒಳಗೆ ಸದಾ ಬಲ್ಬು ಉರಿಯುವ ಒಂದು ಕಪಾಟು. ಬಲ್ಬು ಆರಿದರೆ ತೇವಕ್ಕೆ ಲೆನ್ಸುಗಳಲ್ಲಿ ಫಂಗಸ್ ಬೆಳೆಯುತ್ತದಂತೆ. ಸಂಜೀವಣ್ಣ ಒಳ್ಳೆಯವರು, ದೇಹ ದೊಡ್ಡದು, ಮಾತು ಮೆತ್ತಗೆ. ಕಂಪ್ಯೂಟರ್ ಇತ್ತು, ಅದರಲ್ಲಿದ್ದ ನಕಲು ತಂತ್ರಾಂಶ ಕೆಟ್ಟು ಕೂತಿತ್ತು. ನನ್ನ ಸಿ.ಡಿ. ಹಾಕಿಕೊಂಡು ಹಳೆಯ ನೆಗೆಟಿವ್‌ಗಳ ಮೇಲೆ ಕೈ ಪಳಗಿಸಿಕೋ ಎಂದರು. ಮಳೆ ಮುಗಿದು ಮದುವೆಗಳು ಶುರುವಾದರೆ ಇದರಲ್ಲೇ ಆಲ್ಬಮ್ ಮಾಡುವಾ, ಕೆಲಸ ನಿನಗೇ ಎಂದೂ ಸೇರಿಸಿದರು.

ಅದು ಆಗುವುದಿಲ್ಲ, ಇದು ಕಲಿಯುವವರ ಸಿ.ಡಿ., ವ್ಯಾಪಾರಕ್ಕೆ ನೀವು ಪೂರ್ತಿಯದ್ದು ತರಿಸಬೇಕು ಎಂದೆ. ಅವರು ನಕ್ಕು, ಹೆದ್ದಾರಿಯ ಉದ್ದಕ್ಕೂ ಇರುವವರದ್ದೆಲ್ಲ ಕಳ್ಳ ಸಿ.ಡಿ., ನಮ್ಮದು ಅಷ್ಟಾದರೂ ಕೊಟ್ಟು ತಂದದ್ದಲ್ವಾ ಎಂದರು. ಕಂಪನಿಯವರು ಸಮುದ್ರದ ಆಚೆ ಕೂತು ಕಾಪುವಿನ ಅಂಗಡಿಯನ್ನು ನೋಡುತ್ತಾರಾ ಎಂದರು. ನಾನು ಬಿಡದೆ ಪ್ರತಿ ವಾರ ಕೇಳಿದೆ. ಪ್ರತಿ ವಾರವೂ 'ನೋಡುವಾ' ಎಂದರು. ನಮ್ಮ ಕಡೆ ಒಲ್ಲೆ ಅಂದರೆ ಒಲ್ಲೆ, ಜಗಳಾಡಿ ಮುಗಿಸಬಹುದು. ಇಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ನೋಡುವಾ ಅನ್ನುತ್ತಾರೆ, ಆ ನೋಡುವಾದ ಮುಂದೆ ಕಲ್ಲೂ ಸೋಲಬೇಕು. ಒಟ್ಟಿನಲ್ಲಿ ಲೆಕ್ಕ ಸರಳವಿತ್ತು. ಅವರು ಅದನ್ನು ತರಿಸಿದರೆ ನಾನು ಇಲ್ಲಿ ಉಳಿಯುತ್ತೇನೆ, ಇಲ್ಲದಿದ್ದರೆ ಮಳೆ ನಿಂತ ಮೇಲೆ ಗಂಟು ಕಟ್ಟಿ ಮಗ್ಗಕ್ಕೆ ಹೋಗುತ್ತೇನೆ. ಬೇರೆ ಸ್ಟುಡಿಯೋಗಳನ್ನೂ ಕೇಳಿ ನೋಡಿದ್ದೆ, ಎಲ್ಲರಿಗೂ ಬೇಕಾಗಿದ್ದದ್ದು ನನಗಿಂತ ಹೆಚ್ಚಾಗಿ ನನ್ನ ಸಿ.ಡಿ.ಯೇ. ಅಣ್ಣನಂತೂ, ಅಷ್ಟು ದೂರದವರಿಗೆ ನೀನ್ಯಾಕ ಹೆದರ್ತಿ ಎಂದು ಗದರಿದ. ಹೆದರಿಕೆಯಲ್ಲ, ಪರದೆಯ ಮೇಲೆ ನನ್ನ ಹೆಸರು ಇದೆ ಎಂದರೆ ಅವನಿಗೆ ಅರ್ಥವಾಗಲಿಲ್ಲ.

ಹೀಗಿರುವಾಗ ಆಟಿ ಬಂತು. ಆಟಿ ಎಂದರೆ ನಮ್ಮ ಆಷಾಢದ ಹೊತ್ತಿನ ತುಳು ತಿಂಗಳು. ಬದುಕಿದವರ ಮದುವೆ ಆಗ ನಡೆಯುವುದಿಲ್ಲ, ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಸ್ಟುಡಿಯೋಕ್ಕೆ ನೊಣವೂ ಬರುವುದಿಲ್ಲ. ಆಗ ಬಂದವರು ಗಿರಿಜಕ್ಕ. ಕಾಪು ಪಡುವಿನವರು, ಗಂಡನದು ದೋಣಿ, ಇವರು ಮೀನು ಮಾರುವವರು. ಎರಡನೆಯ ಮಗಳು ವನಿತಾ ತೀರಿಹೋದ ಮೇಲೆ ಉಳಿದ ಮಕ್ಕಳೆಲ್ಲ ಬೆಳೆದು ಮದುವೆಯಾಗಿದ್ದರು. ಕಿರಿಯವಳಿಗೆ ಕೂಸು ನಿಲ್ಲುತ್ತಿರಲಿಲ್ಲ. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿದಾಗ, ಅಕ್ಕನಿಗೆ ಮದುವೆಯ ವಯಸ್ಸಾಗಿದೆ, ಅವಳನ್ನು ಯಾಕೆ ಹಾಗೇ ಕೂರಿಸಿದ್ದೀರಿ ಎಂದು ಉತ್ತರ ಬಂತಂತೆ. ಸರಿ, ಗಂಡು ಹುಡುಕಿದರು. ಸುಮ್ಮನೆ ಹುಡುಕುವುದಲ್ಲ. ನಮ್ಮ ಗೋತ್ರದಂತೆ ಇಲ್ಲಿಯ ಕುಲಗಳಿಗಿರುವ 'ಬಳಿ' ನೋಡಿ, ಜಾತಕ ನೋಡಿ, ಹುಡುಗನ ಮನೆಯವರು ಹೆಣ್ಣಿನ ಮನೆಗೆ ಬಂದು, ಒಂದು ಸಂಬಂಧ ಒಗ್ಗದೆ ಬಿಟ್ಟು, ಎರಡನೆಯದು ಕೂಡಿ ಬಂದಿತ್ತು. ಸತ್ತವರಲ್ಲೂ ಒಪ್ಪದ ಸಂಬಂಧ ಇರುತ್ತದೆಯೇ ಎಂದು ನಾನು ಮೂಗಿನ ಮೇಲೆ ಬೆರಳಿಟ್ಟೆ.

ಗಿರಿಜಕ್ಕನ ಮನೆಯ ಗೋಡೆಯ ಮೇಲೆ ಮಕ್ಕಳ ಮದುವೆಯ ಫೋಟೋಗಳು ಸಾಲಾಗಿದ್ದವಂತೆ. ವನಿತಾಳದ್ದೂ ಆ ಸಾಲಿನಲ್ಲಿ ಬರಬೇಕು, ಅಷ್ಟೇ ಅವರ ಆಸೆ. ಸಂಜೀವಣ್ಣ ನನ್ನ ಕಡೆ ನೋಡಿದರು. ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಕಾಸು ತೆಗೆದುಕೊಳ್ಳದಿದ್ದರೆ ಇದೂ ಕಲಿಕೆಯೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಕೂತೆ.

ಮೊದಲ ಸಲ ಪೂರಾ ಎಡವಿದೆ. ಆ ಪುಟ್ಟ ಮುಖವನ್ನೇ ಚೊಕ್ಕ ಮಾಡಿ, ಹಣೆಗೆ ಬಾಸಿಂಗ ಕಟ್ಟಿ, ಕೆಂಪು ಸೀರೆಯುಟ್ಟ ಒಂದು ಮೈಗೆ ಕೂರಿಸಿ, ಚಂದವಾಗಿದೆ ಎಂದು ಬೀಗುತ್ತ ಗಿರಿಜಕ್ಕನನ್ನು ಕರೆಸಿದೆ. ಅವರು ನೋಡಿದರು. ಮುಖ ಗಂಟಾಯಿತು. ನನ್ನನ್ನು ದಡ್ಡಿ ಎಂದು ಬೈದಿದ್ದರೂ ಚೆನ್ನಾಗಿತ್ತು, ಬೈಯಲಿಲ್ಲ.

'ಎಂತ ಇದು? ಇವಳು ಈಗ ಸಣ್ಣವಳಲ್ಲ. ಇಲ್ಲಿಂದ ಹೋಗುವಾಗ ಸಣ್ಣವಳು ಇದ್ದದ್ದು. ಅಲ್ಲಿ ಬೆಳೆದಿದ್ದಾಳೆ ಅಲ್ವಾ? ನನ್ನ ಕನಸಿಗೆ ಬರುವಾಗ ನನಗಿಂತ ಒಂದು ಬೆರಳು ಎತ್ತರ ಉಂಟು.'

ನಾನು ಸತ್ತ ಮಗುವಿಗೆ ಮದುವೆ ಮಾಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಈ ತಾಯಿಯ ಲೆಕ್ಕದಲ್ಲಿ ಮಗಳು ಪ್ರತಿ ವರ್ಷವೂ ಒಂದು ವರ್ಷ ದೊಡ್ಡವಳಾಗುತ್ತ, ಮೈನೆರೆದು, ಈಗ ಮದುವೆಯ ವಯಸ್ಸಿಗೆ ಬಂದು ನಿಂತಿದ್ದಳು. ಬಾಸಿಂಗವೂ ತಪ್ಪು, ಅದು ನಮ್ಮ ಕಡೆಯದು. ಇಲ್ಲಿ ತಲೆ ತುಂಬ ಮಲ್ಲಿಗೆ ಮುಡಿಸಬೇಕು.

ಮತ್ತೆ ಶುರು ಮಾಡಿದೆ. ಗಿರಿಜಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ಎದುರಿನಿಂದ, ಪಕ್ಕದಿಂದ ಫೋಟೋ ತೆಗೆದೆ. ಅವರ ತಂಗಿಯನ್ನೂ ಕರೆಸಿದೆ, ಕಿರಿಯ ಮಗಳನ್ನೂ ಕರೆಸಿದೆ. ಕಿರಿಯ ಮಗಳಿಂದ ಕೆನ್ನೆ ತೆಗೆದುಕೊಂಡೆ, ಚಿಕ್ಕಮ್ಮನಿಂದ ಗದ್ದ, ತಾಯಿಯಿಂದ ಕುತ್ತಿಗೆ. ಹಣೆ, ಕಿವಿ, ಕಣ್ಣು ವನಿತಾಳವೇ. ಕಣ್ಣನ್ನು ಒಂದು ಚೂರೂ ಮುಟ್ಟಲಿಲ್ಲ. ದಿನಗಟ್ಟಲೆ ಕೂತೆ. ಕೂದಲಿನ ಗೆರೆ ಸ್ವಲ್ಪ ಹಿಂದೆ ಸರಿಸಿ, ಹುಬ್ಬು ಸ್ವಲ್ಪ ದಟ್ಟ ಮಾಡಿ, ತುಟಿಯನ್ನು ನಗುವಿಗೆ ಹತ್ತಿರ ತಂದು ನಿಲ್ಲಿಸಿದ ಒಂದು ಮಧ್ಯಾಹ್ನ, ಪರದೆಯ ಒಳಗಿನಿಂದ ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು ನನ್ನನ್ನೇ ನೋಡಿದಳು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಭಯವಾಯಿತೇ ಎಂದರೆ ಹೌದು, ಆದರೆ ಓಡಿ ಹೋಗುವ ಭಯವಲ್ಲ, ಗರ್ಭಗುಡಿಯ ಮುಂದೆ ಕೈ ತಾನಾಗಿ ಜೋಡಿಸಿಕೊಳ್ಳುವ ಭಯ. ಹುಡುಗನನ್ನು ಅವನ ಶಾಲೆಯ ಫೋಟೋ ಮತ್ತು ಅವನ ಅಣ್ಣನ ಮುಖದಿಂದ ಮಾಡಿ ಪಕ್ಕದಲ್ಲಿ ನಿಲ್ಲಿಸಿದೆ. ಅದು ಸಲೀಸಾಗಿ ಆಯಿತು.

ಗಿರಿಜಕ್ಕ ಬಂದು ನೋಡಿದರು. ಒದ್ದೆ ಕೈಯನ್ನು ಸೀರೆಗೆ ಒರೆಸಿ, ಪರದೆಯ ಗಾಜಿನ ಮೇಲೆ ಮಗಳ ಕೆನ್ನೆ ಮುಟ್ಟಿದರು. ತುಳುವಿನಲ್ಲಿ ಏನೋ ಅಂದರು. ಎಷ್ಟು ದೊಡ್ಡವಳಾಗಿದ್ದಿ ಮಗಾ ಎಂದು ಅದರ ಅರ್ಥವನ್ನು ಸಂಜೀವಣ್ಣ ಆಮೇಲೆ ಹೇಳಿದರು. ಅವರ ಕಣ್ಣೂ ಒದ್ದೆಯಾಗಿತ್ತು, ನನ್ನದಂತೂ ಕೇಳಬೇಡಿ.

ಆಮೇಲೆ ಗಿರಿಜಕ್ಕ, ಎಷ್ಟಾಯಿತು ಎಂದು ಕೇಳಿದರು. ಏನೂ ಬೇಡ ಎಂದೆ. ಅವರು ಮತ್ತೆ ಕೇಳಿದರು. ಇದು ಕಲಿಯುವವರ ಸಿ.ಡಿ., ಇದರಲ್ಲಿ ಮಾಡಿದ್ದಕ್ಕೆ ಕಾಸು ತೆಗೆದುಕೊಳ್ಳುವಂತಿಲ್ಲ, ನೀವು ಹಾಗೇ ತೆಗೆದುಕೊಂಡು ಹೋಗಿ ಎಂದು ವಿವರಿಸಿದೆ. ಪುಣ್ಯದ ಕೆಲಸ ಮಾಡಿದೆ ಎಂದು ನನ್ನೊಳಗೆ ಸ್ವಲ್ಪ ಗರ್ವವೂ ಇತ್ತು.

ಗಿರಿಜಕ್ಕನ ಮುಖ ನೋಡನೋಡುತ್ತಲೇ ಬದಲಾಯಿತು. ಅವರು ಸಂಜೀವಣ್ಣನ ಕಡೆ ತಿರುಗಿದರು, ಆದರೆ ನನಗೂ ತಿಳಿಯಲಿ ಎಂದು ಕನ್ನಡದಲ್ಲೇ ಕೇಳಿದರು. 'ನನ್ನ ಉಳಿದ ಮಕ್ಕಳ ಮದುವೆಗೆ ನೀವು ತಕೊಂಡಿದ್ದೀರಿ. ಇವಳದ್ದಕ್ಕೆ ಮಾತ್ರ ಬೇಡವಾ? ಹಾಗಾದ್ರೆ ಇವಳದ್ದು ಮದುವೆ ಅಲ್ವಾ?'

ಆಗ ನನಗೆ ಅರ್ಥವಾಯಿತು. ಈ ಮದುವೆಯಲ್ಲಿ ಎಲ್ಲವೂ ನಿಜವಾಗಿರಬೇಕು. ಸೀರೆ ನಿಜದ್ದು, ಕರಿಮಣಿ ನಿಜದ್ದು, ಧಾರೆ ನಿಜದ್ದು, ಊಟ ನಿಜದ್ದು. ಒಂದೇ ಒಂದು ವಸ್ತು ಧರ್ಮಕ್ಕೆ ಬಂದರೆ ಇಡೀ ಮದುವೆ ಮಕ್ಕಳ ಗೊಂಬೆಯಾಟವಾಗಿಬಿಡುತ್ತದೆ. ನಾನು ಕೊಟ್ಟ ದೊಡ್ಡಸ್ತಿಕೆಯ ಉಡುಗೊರೆ, ನಿನ್ನ ಮಗಳು ಬರೀ ಸತ್ತವಳು ಎಂದು ಮುಖಕ್ಕೆ ಹೇಳಿದಂತೆ ಆಗಿತ್ತು. ಕಾಸು ತೆಗೆದುಕೊಂಡರೆ ನನ್ನ ಮಾತು ಹೋಗುತ್ತದೆ, ಬಿಟ್ಟರೆ ವನಿತಾಳ ಮದುವೆ ಹೋಗುತ್ತದೆ.

ಸಂಜೀವಣ್ಣ ನಿಧಾನಕ್ಕೆ ಎದ್ದು, ಪ್ರಿಂಟು ಇನ್ನೂ ಆಗಿಲ್ಲ, ಎರಡು ದಿನ ಬಿಟ್ಟು ಬನ್ನಿ, ಉಳಿದವರಿಗೆ ಆದಷ್ಟೇ ಆಗುತ್ತದೆ ಎಂದು ಗಿರಿಜಕ್ಕನನ್ನು ಕಳಿಸಿದರು. ಆಮೇಲೆ ಬಹಳ ಹೊತ್ತು ಆ ಪರದೆಯ ಮುಂದೆ ಕೂತರು. ಮದುಮಗಳು ಅವರನ್ನು ನೋಡುತ್ತಿದ್ದಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಮಂಗಳೂರಿಗೆ ಹೋದವರು ಸಂಜೆ ಮಳೆಯಲ್ಲಿ ಕೊಡೆಯನ್ನು ತಮ್ಮ ತಲೆಗೆ ಹಿಡಿಯದೆ ಕೈಯಲ್ಲಿದ್ದ ಪೆಟ್ಟಿಗೆಗೆ ಹಿಡಿದುಕೊಂಡು ಬಂದರು. ಪೂರ್ತಿ ಬೆಲೆಯ ತಂತ್ರಾಂಶ. ಸ್ಟುಡಿಯೋದ ಹೆಸರಿನಲ್ಲೇ ತೆಗೆಸಿದ್ದರು.

'ಕಂಪನಿಯವನು ಕೇಳ್ಲಿಕ್ಕೆ ಬರುದಿಲ್ಲ ಅಂತ ನನಗೆ ಗೊತ್ತುಂಟು,' ಎಂದರು ತಲೆ ಒರೆಸಿಕೊಳ್ಳುತ್ತ. 'ಇವಳು ಬಂದು ಕೇಳಿದ್ರೆ ನಾನು ಎಂತ ಹೇಳುದು ಮಾರಾಯ್ತಿ? ನನ್ನ ಮದುವೆಯ ಫೋಟೋ ಯಾವುದರಲ್ಲಿ ಮಾಡಿದ್ದು ಅಂತ ಕೇಳಿದ್ರೆ?'

ನನಗೆ ನಗು ಬಂತು, ಅವರ ಮುಖ ನೋಡಿ ನಗು ನಿಂತಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಬದುಕಿದ ಯಾರಿಗೂ ಸೊಪ್ಪು ಹಾಕದೆ ವಾರಗಟ್ಟಲೆ ನೋಡುವಾ ಎಂದವರು ಒಬ್ಬ ಸತ್ತ ಹುಡುಗಿಗೆ ಮರ್ಯಾದೆ ಕೊಟ್ಟು, ಸಮುದ್ರದ ಆಚೆಯವರ ಪಾಲನ್ನು ಅವರಿಗೆ ಮುಟ್ಟಿಸಿ ಬಂದಿದ್ದರು. ನನ್ನ ಸಿ.ಡಿ.ಯನ್ನು ಆ ಕಂಪ್ಯೂಟರಿನಿಂದ ತೆಗೆದು, ಹೊಸದರಲ್ಲಿ ಇಡೀ ಚಿತ್ರವನ್ನು ಮೊದಲಿನಿಂದ ಮತ್ತೆ ಮಾಡಿದೆ. ಹೇಗೂ ಕೈಗೆ ದಾರಿ ಗೊತ್ತಿತ್ತು. ಮಣಿಪಾಲಕ್ಕೆ ಹೋದಾಗ ಮೇಷ್ಟ್ರಿಗೆ ಈ ಕತೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, ನಾನು ಇಷ್ಟು ವರ್ಷ ಪಾಠ ಮಾಡಿದ್ದು ದಂಡ ಎಂದರು.

ಮದುವೆಗೆ ನನ್ನನ್ನು ಬಿಡಲಿಲ್ಲ. ಮದುವೆಯಾಗದವರು ಆ ಮದುವೆಯನ್ನು ನೋಡಬಾರದಂತೆ. ಸಂಜೀವಣ್ಣ ಹೋಗಿ ಬಂದು ಹೇಳಿದರು: ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಹಾಸಿ, ಧಾರೆ ಎರೆದು, ನೆಂಟರು ಒಬ್ಬರನ್ನೊಬ್ಬರು ಛೇಡಿಸಿ, ಎಲೆ ಹಾಕಿ ಉಂಡರಂತೆ. ನನ್ನ ಪಾಲಿಗೆ ಗಿರಿಜಕ್ಕ, ಮೀನು ಮುಟ್ಟದವಳು ಎಂದು ನೆನಪಿಟ್ಟುಕೊಂಡು, ಕೇದಗೆ ಎಲೆಯ ಕೊಳವೆಯಲ್ಲಿ ಬೇಯಿಸಿದ ಇಡ್ಲಿಯಂಥ ಮೂಡೆ ಮತ್ತು ಪಾಯಸ ಕಳಿಸಿದ್ದರು. ಅಣ್ಣ, ವೈನಿ, ನಾನು ಮೂವರೂ ಕೂತು ತಿಂದೆವು. ದಿಬ್ಬಣದ ಊಟ ಎಂದು ಅಣ್ಣ ಅಂಗಿ ಬದಲಿಸಿ ಬಂದು ಕೂತಿದ್ದ.

ಕೆಲವು ತಿಂಗಳ ಮೇಲೆ ಗಿರಿಜಕ್ಕನ ಮನೆಗೆ ಹೋಗಿದ್ದೆ. ಸಾಲಿನಲ್ಲಿ ಎರಡನೆಯದು ವನಿತಾಳದ್ದು, ಉಳಿದವುಗಳಷ್ಟೇ ದೊಡ್ಡದು, ಅದೇ ಚೌಕಟ್ಟು, ಹಾರವಿಲ್ಲ. ಯಾರೋ ಹೊಸ ನೆಂಟರು ಆ ಫೋಟೋ ತೋರಿಸಿ, ಇವಳು ಯಾರು ಎಂದು ಕೇಳಿದರು. 'ನಮ್ಮ ಎರಡನೆಯವಳು, ಪಡುಬಿದ್ರಿಗೆ ಕೊಟ್ಟದ್ದು,' ಎಂದು ಗಿರಿಜಕ್ಕ ಹೇಳಿ ಒಳಗೆ ಚಹಾ ಇಡಲು ಹೋದರು. ದನಿಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಇಲ್ಲ. ನಾನು ಆ ಮನೆಯಲ್ಲಿ ಕೂತು ಚಹಾ ಕುಡಿದದ್ದು ನೆನಪಿಲ್ಲ, ಗೋಡೆ ನೋಡಿದ್ದಷ್ಟೇ ನೆನಪಿದೆ.

ಹೀಗೆ ನಾನು ಕಾಪುವಿನವಳಾದೆ. ಕೆಲಸ ಬೆಳೆಯಿತು. ಹಿರಿಯಡ್ಕದಿಂದ, ಕಾರ್ಕಳದಿಂದ ಕೂಡ ಮಾಸಿದ ಮುಖಗಳನ್ನು ಹಿಡಿದು ಜನ ಬಂದರು. ಮರುವರ್ಷದ ಬೇಸಿಗೆಯಲ್ಲಿ ಊರಿನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಅದೇ ವಾರ ಸ್ಟುಡಿಯೋಕ್ಕೆ ಕೈ ತುಂಬ ಮದುವೆಗಳು, ತಿದ್ದುವವಳು ನಾನೊಬ್ಬಳೇ. ಹೋಗು ಎಂದು ಸಂಜೀವಣ್ಣ ಹೇಳಿದರು, ಬಾಯಿಮಾತಿಗೆ ಹೇಳಲಿಲ್ಲ. ಆದರೆ ನನ್ನ ಒಂದು ಹಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ತು ತಂದವರನ್ನು ಕೈಬಿಡಲು ನನಗೇ ಮನಸ್ಸಾಗಲಿಲ್ಲ. ಅಣ್ಣ, ವೈನಿ ಹೋದರು. ನಾನು ಆ ದಿನ ಬೇರೆಯವರ ತಂಗಿಯ ಮುಖಕ್ಕೆ ಬೆಳಕು ತುಂಬುತ್ತ ಕೂತೆ. ಅಳು ಬಂತು, ಅತ್ತೆ.

ಅಣ್ಣ ತಿರುಗಿ ಬರುವಾಗ ಮನೆಮಂದಿಯೆಲ್ಲ ಇರುವ ಫೋಟೋ ತಂದ. ಮದುಮಕ್ಕಳ ಹಿಂದೆ ಅಪ್ಪ, ಅವ್ವ, ಅಣ್ಣ, ವೈನಿ, ಅವ್ವನ ಪಕ್ಕದಲ್ಲಿ ನಾನು. ನಾನು ಬೆಚ್ಚಿಬಿದ್ದೆ. ಊರಿನ ಸ್ಟುಡಿಯೋದವರು ಹಿಂದೆ ನಾನು ಇಲ್ಲಿಂದ ಕಳಿಸಿದ್ದ, ಕಾಪುವಿನ ಕಡಲ ದಂಡೆಯಲ್ಲಿ ತೆಗೆಸಿದ ಫೋಟೋದಿಂದ ನನ್ನನ್ನು ಕತ್ತರಿಸಿ ಅಲ್ಲಿ ನಿಲ್ಲಿಸಿದ್ದರು. ಬದುಕಿರುವ ನನಗೂ ಈ ಉಪಚಾರ ಬಂತಲ್ಲ ಎಂದುಕೊಂಡೆ. ಕಾಯಿನ್ ಬೂತಿನಿಂದ ಊರಿಗೆ ಫೋನು ಮಾಡಿದೆ.

'ನೀ ಒಬ್ಬಾಕಿ ಇಲ್ಲಂದ್ರ ಅದು ನಮ್ಮ ಮನಿ ಫೋಟೋ ಹೆಂಗಾಕ್ಕೈತಿ?' ಎಂದಳು ಅವ್ವ. 'ಆದರ ಎಲ್ಲಾರೂ ಅಂದ್ರು, ಶಿವಲೀಲಾನ ಮಾರಿ ಮ್ಯಾಲ ಬಿಸಲು ಬ್ಯಾರೆ ಕಡಿಂದ ಬಿದ್ದೈತಿ ಅಂತ. ನಿಂದು ಇದ ಕೆಲಸ ಅಲ್ಲೇನು? ಸರಿ ಮಾಡಿ ಕಳಸ.'

ನಿಜ, ಎಲ್ಲರ ಮೇಲೂ ಬಿಸಿಲು ಬಲಗಡೆಯಿಂದ, ನನ್ನ ಮೇಲೆ ಎಡಗಡೆಯಿಂದ. ಸರಿ ಮಾಡಲು ನನಗೆ ಅರ್ಧ ತಾಸು ಸಾಕು.

'ಬ್ಯಾಡವ್ವಾ, ಇರಲಿ,' ಎಂದೆ. 'ನನ್ನ ಮ್ಯಾಲೆ ಬೀಳೂ ಬಿಸಲು ಈಗ ಆ ಕಡಿಂದನ ಬರತೈತಿ.'

ಅವ್ವ, 'ಹಂಗಾರ ಬಂದಾಗ ಇಲ್ಲಿ ಬಿಸಲಾಗೂ ಒಂದೀಟು ನಿಂದ್ರವಾ,' ಎಂದಳು.

ಹೂಂ ಅಂದೆ. ಯಾವಾಗ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.